ಒಂದು ಬೆಕ್ಕು, ಎರಡು ಸೋಂಕು: ಕಾಕತಾಳೀಯವೇ, ಕಾರಣವೇ?

1912ರಲ್ಲಿ ಉತ್ತರ ಆಫ್ರಿಕದ ಆಲ್ಜಿಯರ್ಸ್ ನಗರದ ಒಂದೇ ಮನೆಯಲ್ಲಿ ಒಂದು ಮಗು, ಒಂದು ನಾಯಿ ಮತ್ತು ಒಂದು ಬೆಕ್ಕು ಒಂದೇ ರೋಗಾಣುವಿಗೆ ಆಶ್ರಯ ಕೊಟ್ಟಿರುವುದು ಪತ್ತೆಯಾಯಿತು. ಆ ರೋಗಾಣು ಲೀಶ್ಮೇನಿಯ ಎಂಬ ಏಕಕೋಶ ಪರೋಪಜೀವಿ. ಬೆಕ್ಕಿನಲ್ಲಿ ಈ ಜೀವಿಯನ್ನು ಕಂಡ ಮೊದಲ ವರದಿ ಅದು. ಆ ಬಳಿಕ ಹಲವು ದಶಕಗಳ ಕಾಲ ಬೆಕ್ಕನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಾಯಿಗಳಲ್ಲಿ ಈ ರೋಗ ಸಾಮಾನ್ಯ, ಬೆಕ್ಕುಗಳಲ್ಲಿ ಅಪರೂಪ ಎಂಬ ಭಾವನೆ ನೆಲೆಯೂರಿತ್ತು. ಕಳೆದ ಮೂವತ್ತು ವರ್ಷಗಳಲ್ಲಿ ಇಟಲಿ, ಸ್ಪೇನ್, ಪೋರ್ಚುಗಲ್, ಗ್ರೀಸ್, ಸೈಪ್ರಸ್‌ಗಳ ಪಶುವೈದ್ಯ ವಿಜ್ಞಾನಿಗಳು ಸೂಕ್ಷ್ಮ ಪರೀಕ್ಷೆಗಳನ್ನು ಬಳಸಿ ಹುಡುಕತೊಡಗಿದ ಮೇಲೆ ಆ ಭಾವನೆ ಬದಲಾಗಿದೆ. ಜೊತೆಗೆ ಇನ್ನೊಂದು ವಿಷಯವೂ ಬೆಳಕಿಗೆ ಬಂದಿದೆ. ಸೋಂಕು ತಗುಲಿದ ಬೆಕ್ಕುಗಳಲ್ಲಿ ಲೀಶ್ಮೇನಿಯ ಒಂಟಿಯಾಗಿರುವುದಿಲ್ಲ. ಹಲವು ಸಲ ಬೇರೆ ರೋಗಾಣುಗಳೂ ಅದೇ ದೇಹದಲ್ಲಿ ಮನೆ ಮಾಡಿರುತ್ತವೆ. ಇದಕ್ಕೆ ಸಹಸೋಂಕು ಎಂದು ಹೆಸರು.

ಭೌತವಿಜ್ಞಾನದ ಅಧ್ಯಾಪಕನಿಗೆ ಬೆಕ್ಕಿನ ಕಾಯಿಲೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಎರಡು ಘಟನೆಗಳು ಒಟ್ಟಿಗೆ ಕಂಡಾಗ ಅದು ಆಕಸ್ಮಿಕವೋ, ಅವುಗಳ ನಡುವೆ ನಿಜವಾದ ಸಂಬಂಧವಿದೆಯೋ ಎಂಬ ಪ್ರಶ್ನೆ ಭೌತವಿಜ್ಞಾನಕ್ಕೆ ಹೊಸದಲ್ಲ. ಉತ್ತರ ಹುಡುಕುವ ದಾರಿ ಪ್ರಯೋಗಾಲಯದಲ್ಲೂ ಪಶುಚಿಕಿತ್ಸಾಲಯದಲ್ಲೂ ಒಂದೇ. ಆ ದಾರಿಯನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಪರೋಪಜೀವಿ ಮತ್ತು ಮರಳುನೊಣ

ಲೀಶ್ಮೇನಿಯದ ಕಥೆಯ ಆರಂಭಕ್ಕೂ ಭಾರತಕ್ಕೂ ನೇರ ನಂಟಿದೆ. ಕಲ್ಕತ್ತೆಯ ಸಮೀಪದ ಡಂಡಂನಲ್ಲಿ ಜ್ವರ ಹತ್ತಿಸಿಕೊಂಡು ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ವಿಲಿಯಂ ಲೀಶ್ಮನ್ ಈ ಜೀವಿಯನ್ನು ಕಂಡು 1903ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಸ್ವತಂತ್ರವಾಗಿ ಅದನ್ನೇ ಕಂಡರು. ಇಬ್ಬರ ಹೆಸರನ್ನೂ ಸೇರಿಸಿ ರೊನಾಲ್ಡ್ ರಾಸ್ ಅದನ್ನು 'ಲೀಶ್ಮೇನಿಯ ಡೊನೊವನಿ' ಎಂದು ಕರೆದರು. ನಮ್ಮ ದೇಶದ ಕಾಲಾ ಆಜಾರ್ ರೋಗಕ್ಕೆ ಕಾರಣ ಇದೇ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿರುವುದು ಇದರ ಹತ್ತಿರದ ಬಂಧು 'ಲೀಶ್ಮೇನಿಯ ಇನ್‌ಫ್ಯಾಂಟಮ್'. ಚಿಕ್ಕ ಮಕ್ಕಳಲ್ಲಿ ಕಂಡುಬಂದದ್ದರಿಂದ ಟ್ಯೂನಿಸ್‌ನ ಶಾರ್ಲ್ ನಿಕೋಲ್ 1908ರಲ್ಲಿ ಅದಕ್ಕೆ ಆ ಹೆಸರಿಟ್ಟರು.

ಈ ಜೀವಿಯನ್ನು ಹರಡುವುದು ಮರಳುನೊಣ. ಹೆಸರು ನೊಣವಾದರೂ ನೋಡಲು ಸಣ್ಣ ಸೊಳ್ಳೆಯಂತಿರುತ್ತದೆ; ಉದ್ದ ಸುಮಾರು 2ರಿಂದ 3 ಮಿಲಿಮೀಟರ್. ಇದು ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಗೋಡೆಯ ಬಿರುಕು, ಕೊಟ್ಟಿಗೆ, ಕೊಳೆತ ಎಲೆ ಬಿದ್ದ ತೇವದ ಮಣ್ಣು ಇದರ ಸಂತಾನದ ತಾಣ. ಮುಸ್ಸಂಜೆಯಿಂದ ಮುಂಜಾವಿನವರೆಗೆ ಹೆಣ್ಣು ನೊಣ ಸದ್ದಿಲ್ಲದೆ ಬಂದು ರಕ್ತ ಹೀರುತ್ತದೆ. ಸೋಂಕಿರುವ ಪ್ರಾಣಿಯ ರಕ್ತ ಹೀರಿದ ನೊಣದ ಕರುಳಿನಲ್ಲಿ ಪರೋಪಜೀವಿ ವೃದ್ಧಿಯಾಗಿ, ಮುಂದಿನ ಕಡಿತದಲ್ಲಿ ಇನ್ನೊಂದು ದೇಹವನ್ನು ಸೇರುತ್ತದೆ.

ಮೆಡಿಟರೇನಿಯನ್ ಪ್ರದೇಶದಲ್ಲಿ ಇದರ ಮುಖ್ಯ ಆಗರ ನಾಯಿ. ಬೆಕ್ಕು ಕೇವಲ ಬಲಿಪಶುವೋ ಅಥವಾ ಅದೂ ಒಂದು ಆಗರವೋ ಎಂಬ ಪ್ರಶ್ನೆ ಬಹುಕಾಲ ಹಾಗೆಯೇ ಉಳಿದಿತ್ತು. ಸಹಜವಾಗಿ ಸೋಂಕು ತಗುಲಿದ್ದ ಬೆಕ್ಕಿನ ರಕ್ತ ಹೀರಿದ ಮರಳುನೊಣಗಳಿಗೆ ಪರೋಪಜೀವಿ ದಾಟಿದ್ದನ್ನು ಇಟಲಿಯ ಸಂಶೋಧಕರು 2007ರಲ್ಲಿ ವರದಿ ಮಾಡಿದರು. ಅಂದರೆ ಬೆಕ್ಕಿನಿಂದ ನೊಣಕ್ಕೆ ಸೋಂಕು ಹರಿಯುವುದು ಸಾಧ್ಯ. ಆದ್ದರಿಂದ ಯಾವ ಬೆಕ್ಕಿನಲ್ಲಿ ಪರೋಪಜೀವಿ ಹೆಚ್ಚಾಗಿ ಬೆಳೆಯುತ್ತದೆ, ಏಕೆ ಬೆಳೆಯುತ್ತದೆ ಎಂಬುದು ಬೆಕ್ಕಿಗೆ ಮಾತ್ರವಲ್ಲ, ಅಲ್ಲಿನ ಜನರಿಗೂ ಮುಖ್ಯವಾದ ಪ್ರಶ್ನೆ.

ಜೊತೆಗಿರುವವರು ಯಾರು?

ಆ ನಾಡುಗಳ ಬೆಕ್ಕುಗಳಲ್ಲಿ ಲೀಶ್ಮೇನಿಯದ ಜೊತೆ ಕಾಣಸಿಗುವ ರೋಗಾಣುಗಳಲ್ಲಿ ಮುಖ್ಯವಾದ ಕೆಲವನ್ನು ಪರಿಚಯ ಮಾಡಿಕೊಳ್ಳೋಣ.

ಮೊದಲನೆಯದು ಬೆಕ್ಕಿನ ರೋಗರಕ್ಷಣೆಯನ್ನು ಕುಗ್ಗಿಸುವ ವೈರಸ್, ಚಿಕ್ಕದಾಗಿ ಎಫ್‌ಐವಿ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1986ರಲ್ಲಿ ಇದನ್ನು ಬೇರ್ಪಡಿಸಲಾಯಿತು. ಇದು ಮನುಷ್ಯರ ಎಚ್‌ಐವಿಯ ಗುಂಪಿಗೇ ಸೇರಿದ್ದು, ಆದರೆ ಮನುಷ್ಯರಿಗೆ ತಗುಲುವುದಿಲ್ಲ. ಹರಡುವುದು ಮುಖ್ಯವಾಗಿ ಕಚ್ಚಾಟದ ಗಾಯದ ಮೂಲಕ. ಹಾಗಾಗಿ ಬೀದಿ ಸುತ್ತುವ, ಜಗಳಗಂಟ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು.

ಎರಡನೆಯದು ಬೆಕ್ಕಿನ ರಕ್ತಕ್ಯಾನ್ಸರ್ ವೈರಸ್, ಎಫ್‌ಇಎಲ್‌ವಿ. ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು 1964ರಲ್ಲಿ ಇದನ್ನು ಗುರುತಿಸಿದರು. ಇದರ ದಾರಿ ಜಗಳಕ್ಕಿಂತ ಹೆಚ್ಚಾಗಿ ಸ್ನೇಹ: ಒಂದನ್ನೊಂದು ನೆಕ್ಕುವುದು, ಒಂದೇ ತಟ್ಟೆಯಲ್ಲಿ ತಿನ್ನುವುದು, ತಾಯಿಯಿಂದ ಮರಿಗೆ ಬರುವುದು.

ಇವಲ್ಲದೆ, ಕೆಂಪು ರಕ್ತಕಣಗಳ ಮೇಲೆ ಅಂಟಿಕೊಂಡು ರಕ್ತಹೀನತೆ ತರುವ 'ಮೈಕೊಪ್ಲಾಸ್ಮ ಹೀಮೊಫೆಲಿಸ್' ಎಂಬ ಬ್ಯಾಕ್ಟೀರಿಯ, ಚಿಗಟಗಳ ಮೂಲಕ ಹರಡುವ 'ಬಾರ್ಟೊನೆಲ್ಲ ಹೆನ್ಸೆಲೆ', ಇಲಿ ಹಕ್ಕಿಗಳನ್ನು ತಿನ್ನುವುದರಿಂದ ಸೇರುವ 'ಟಾಕ್ಸೊಪ್ಲಾಸ್ಮ' ಇವೆ. ಒಂದೊಂದರ ದಾರಿ ಒಂದೊಂದು: ನೊಣ, ಹಲ್ಲು, ಚಿಗಟ, ಆಹಾರ. ಆದರೆ ಈ ದಾರಿಗಳೆಲ್ಲ ಹೆಚ್ಚಾಗಿ ತೆರೆದುಕೊಳ್ಳುವುದು ಹೊರಗೆ ಅಲೆಯುವ ಬೆಕ್ಕಿಗೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗುಣಾಕಾರದ ನಿಯಮ

ವಿಶ್ವಕಿರಣಗಳನ್ನು ಅಳೆಯುವಾಗ ಎರಡು ಗೈಗರ್ ಗಣಕಗಳನ್ನು ಒಂದರ ಮೇಲೊಂದು ಇಡುತ್ತಾರೆ. ಎರಡೂ ಏಕಕಾಲದಲ್ಲಿ ಮಿಡಿದರೆ ಒಂದೇ ಕಣ ಎರಡನ್ನೂ ಹಾದುಹೋಗಿದೆ ಎಂದು ಅರ್ಥಮಾಡುತ್ತೇವೆ. ವಾಲ್ಟರ್ ಬೋಥೆಗೆ 1954ರ ನೊಬೆಲ್ ಬಹುಮಾನ ದೊರೆತದ್ದು ಈ 'ಸಹಘಟನೆ'ಯ ವಿಧಾನಕ್ಕೆ. ಆದರೆ ಎರಡು ಬೇರೆ ಬೇರೆ ಕಣಗಳು ಅಕಸ್ಮಾತ್ತಾಗಿ ಒಂದೇ ಕ್ಷಣದಲ್ಲಿ ಬರಲೂಬಹುದು. ಪ್ರತಿ ಗಣಕವೂ ಸೆಕೆಂಡಿಗೆ 10 ಸಲ ಮಿಡಿಯುತ್ತಿದ್ದು, ಉಪಕರಣದ ವಿಭೇದನ ಕಾಲ ಒಂದು ಮೈಕ್ರೊಸೆಕೆಂಡ್ ಆಗಿದ್ದರೆ, ಇಂಥ ಹುಸಿ ಸಹಘಟನೆಗಳು ಸೆಕೆಂಡಿಗೆ 2 × 10 × 10 × 0.000001, ಅಂದರೆ 5000 ಸೆಕೆಂಡಿಗೆ ಒಂದು. ಮೊದಲು ಈ ಹುಸಿ ಎಣಿಕೆಯನ್ನು ಲೆಕ್ಕಹಾಕಿ ಕಳೆಯದೆ ಯಾರೂ ಫಲಿತಾಂಶ ಹೇಳುವುದಿಲ್ಲ.

ಬೆಕ್ಕುಗಳಿಗೂ ಇದೇ ನಿಯಮ. ಉದಾಹರಣೆಗೆಂದು ಕೆಲವು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. ಒಂದು ಊರಿನ 200 ಬೆಕ್ಕುಗಳನ್ನು ಪರೀಕ್ಷಿಸಿದಾಗ 40ರಲ್ಲಿ ಎಫ್‌ಐವಿ, 30ರಲ್ಲಿ ಲೀಶ್ಮೇನಿಯ ಸಿಕ್ಕಿತು ಎನ್ನೋಣ. ಎರಡೂ ಇರುವ ಬೆಕ್ಕುಗಳು 10. ಈ ಹತ್ತು ಹೆಚ್ಚೋ ಕಡಿಮೆಯೋ?

ಎರಡು ಸೋಂಕುಗಳು ಪರಸ್ಪರ ಸ್ವತಂತ್ರವಾಗಿದ್ದರೆ ಸಂಭವನೀಯತೆಗಳನ್ನು ಗುಣಿಸಬೇಕು. ಎಫ್‌ಐವಿಯ ಸಂಭವನೀಯತೆ 40/200 = 0.20. ಲೀಶ್ಮೇನಿಯದ್ದು 30/200 = 0.15. ಎರಡೂ ಇರುವ ಸಂಭವನೀಯತೆ 0.20 × 0.15 = 0.03. 200 ಬೆಕ್ಕುಗಳಲ್ಲಿ 6. ಅಂದರೆ ಯಾವ ಸಂಬಂಧವೂ ಇಲ್ಲದಿದ್ದಾಗಲೂ ಸುಮಾರು ಆರು ಬೆಕ್ಕುಗಳಲ್ಲಿ ಎರಡೂ ಸೋಂಕು ಇರಬೇಕು! 'ಸಹಸೋಂಕು ಇದೆ' ಎಂಬುದೇ ಒಂದು ಆವಿಷ್ಕಾರವಲ್ಲ. ನಿರೀಕ್ಷೆಗಿಂತ ಎಷ್ಟು ಹೆಚ್ಚು ಎಂಬುದು ಮುಖ್ಯ.

ಇಲ್ಲಿ ನಿರೀಕ್ಷೆ 6, ಕಂಡದ್ದು 10. ಈ ಲೆಕ್ಕದಲ್ಲಿ ಆಕಸ್ಮಿಕ ಏರುಪೇರಿನ ಮಾನಕ ವಿಚಲನೆ ಸುಮಾರು 2 ಬರುತ್ತದೆ. ಆದ್ದರಿಂದ ವ್ಯತ್ಯಾಸ ಎರಡು ಮಾನಕ ವಿಚಲನೆಗಳಷ್ಟು. ಇಷ್ಟು ಅಂತರ ಆಕಸ್ಮಿಕವಾಗಿ ಬರುವುದು ಅಪರೂಪ. ಹಾಗಾದರೆ ಎಫ್‌ಐವಿ ಇರುವುದರಿಂದಲೇ ಲೀಶ್ಮೇನಿಯ ಅಂಟಿಕೊಂಡಿತು ಎಂದು ಬರೆದುಬಿಡಬಹುದೇ? ಸ್ವಲ್ಪ ತಾಳಿ.

ಮನೆಬೆಕ್ಕು, ಬೀದಿಬೆಕ್ಕು

ಅದೇ 200 ಬೆಕ್ಕುಗಳನ್ನು ಎರಡು ಗುಂಪು ಮಾಡೋಣ: ಹೊರಗೆ ಅಲೆಯುವ 100, ಮನೆಯೊಳಗೇ ಇರುವ 100. ಅಲೆಯುವ ಗುಂಪಿನಲ್ಲಿ ಎಫ್‌ಐವಿ 36, ಲೀಶ್ಮೇನಿಯ 25, ಎರಡೂ ಇರುವವು 10. ಮನೆಯ ಗುಂಪಿನಲ್ಲಿ ಎಫ್‌ಐವಿ 4, ಲೀಶ್ಮೇನಿಯ 5, ಎರಡೂ ಇರುವವು ಒಂದೂ ಇಲ್ಲ. ಕೂಡಿ ನೋಡಿ: ಮೊತ್ತಗಳು ಹಿಂದಿನವೇ.

ಈಗ ಪ್ರತಿ ಗುಂಪಿನಲ್ಲೂ ಗುಣಿಸಿ. ಅಲೆಯುವ ಬೆಕ್ಕುಗಳಲ್ಲಿ ನಿರೀಕ್ಷೆ 100 × 0.36 × 0.25 = 9. ಮನೆಬೆಕ್ಕುಗಳಲ್ಲಿ 100 × 0.04 × 0.05 = 0.2. ಒಟ್ಟು 9.2. ಕಂಡದ್ದು 10. ದೊಡ್ಡದಾಗಿ ತೋರಿದ ವ್ಯತ್ಯಾಸ ಕರಗಿಹೋಯಿತು! ರಾತ್ರಿ ಹೊರಗೆ ತಿರುಗುವ ಬೆಕ್ಕಿಗೆ ಕಚ್ಚಾಟವೂ ಹೆಚ್ಚು, ನೊಣದ ಕಡಿತವೂ ಹೆಚ್ಚು. ಎರಡು ಸೋಂಕುಗಳನ್ನು ಜೋಡಿಸಿದ್ದು ಒಂದು ಇನ್ನೊಂದಕ್ಕೆ ಕಾರಣವಾದದ್ದಲ್ಲ, ಎರಡಕ್ಕೂ ಹಿನ್ನೆಲೆಯಾದ ಬದುಕಿನ ರೀತಿ. ಸಮೀಕ್ಷೆಗಳಲ್ಲಿ ಬೆಕ್ಕಿನ ವಯಸ್ಸು, ಲಿಂಗ, ಅಲೆಯುವ ಅಭ್ಯಾಸ, ವಾಸದ ಪ್ರದೇಶ ಇವನ್ನೆಲ್ಲ ದಾಖಲಿಸುವುದು ಇದಕ್ಕಾಗಿಯೇ. ವಯಸ್ಸಾದಷ್ಟೂ ಪ್ರತಿಯೊಂದು ಸೋಂಕಿಗೂ ಹೆಚ್ಚು ವರ್ಷ ಒಡ್ಡಿಕೊಂಡಿರುತ್ತದೆಯಾದ್ದರಿಂದ ವಯಸ್ಸೊಂದೇ ಸಾಕು, ಸಂಬಂಧವಿಲ್ಲದ ಸೋಂಕುಗಳನ್ನು ಜೋಡಿಯಾಗಿ ತೋರಿಸಲು. ಎಫ್‌ಐವಿ ಮತ್ತು ಲೀಶ್ಮೇನಿಯಗಳ ನಡುವೆ ಕೆಲವು ಅಧ್ಯಯನಗಳು ಸಂಬಂಧ ಕಂಡಿವೆ, ಕೆಲವು ಕಂಡಿಲ್ಲ. ಬೆಕ್ಕುಗಳನ್ನು ಆರಿಸಿದ ರೀತಿ ಬೇರೆ ಬೇರೆಯಾಗಿದ್ದರೆ ಹೀಗಾಗುವುದು ಸಹಜವೇ.

ಆರಿಸುವ ರೀತಿ ಎಂದಾಗ ಇನ್ನೊಂದು ಬಲೆಯನ್ನೂ ಗಮನಿಸಬೇಕು. ಹೆಚ್ಚಿನ ಮಾದರಿಗಳು ಚಿಕಿತ್ಸಾಲಯಕ್ಕೆ ಬಂದ ಬೆಕ್ಕುಗಳಿಂದ ಸಿಗುತ್ತವೆ. ಎರಡೂ ಸೋಂಕಿರುವ ಬೆಕ್ಕು ಹೆಚ್ಚು ನರಳುತ್ತದೆಯಾದರೆ ಅದು ಚಿಕಿತ್ಸಾಲಯಕ್ಕೆ ಬರುವ ಸಂಭವವೂ ಹೆಚ್ಚು. ಆಗ ಬೀದಿಯಲ್ಲಿ ಇಲ್ಲದ ಜೋಡಿ ಸಂಬಂಧ ಚಿಕಿತ್ಸಾಲಯದ ದಾಖಲೆಯಲ್ಲಿ ಮೂಡುತ್ತದೆ. ಬೇರೆ ಸನ್ನಿವೇಶದಲ್ಲಿ ಇದರ ತಿರುವುಮುರುವೂ ಆಗಬಹುದು. ಆಸ್ಪತ್ರೆಯ ಅಂಕಿಗಳ ಈ ಮೋಸವನ್ನು 1946ರಲ್ಲಿ ಅಮೆರಿಕದ ಜೋಸೆಫ್ ಬರ್ಕ್ಸನ್ ಬಿಡಿಸಿ ತೋರಿಸಿದರು.

ಪರೀಕ್ಷೆ ಏನು ಹೇಳುತ್ತದೆ?

'ಸೋಂಕಿದೆ' ಎಂಬ ಮಾತೂ ಅಷ್ಟು ಸರಳವಲ್ಲ. ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ, ದೇಹವು ಆ ರೋಗಾಣುವನ್ನು ಎಂದೋ ಎದುರಿಸಿದೆ ಎಂದು ಹೇಳುತ್ತದೆ. ರೋಗಾಣು ಇಂದು ಇದೆಯೇ ಎಂದು ಖಚಿತವಾಗಿ ಹೇಳದು. ಪಿಸಿಆರ್ ಪರೀಕ್ಷೆ ರೋಗಾಣುವಿನ ಡಿಎನ್‌ಎಯನ್ನೇ ಹಿಡಿಯುತ್ತದೆ, ಆದರೆ ಮಾದರಿ ತೆಗೆದ ಅಂಗದಲ್ಲಿ ಅದು ಇದ್ದರೆ ಮಾತ್ರ. ರಕ್ತದಲ್ಲಿ ಸಿಗದ ಲೀಶ್ಮೇನಿಯ ದುಗ್ಧಗ್ರಂಥಿಯಲ್ಲೋ ಚರ್ಮದಲ್ಲೋ ಇರಬಹುದು. ಎಫ್‌ಐವಿಯ ಸಾಮಾನ್ಯ ಪರೀಕ್ಷೆ ಪ್ರತಿಕಾಯದ್ದು. ತಾಯಿಯಿಂದ ಬಂದ ಪ್ರತಿಕಾಯ ಮರಿಯ ರಕ್ತದಲ್ಲಿ ಕೆಲವು ತಿಂಗಳು ಉಳಿದು ಸುಳ್ಳು ಹೇಳುವುದುಂಟು.

ಇಲ್ಲಿಯೂ ಒಂದು ಲೆಕ್ಕ ಮಾಡಿ. 1000 ಮನೆಬೆಕ್ಕುಗಳಲ್ಲಿ ನಿಜವಾಗಿ ಸೋಂಕಿರುವವು 20. ಪರೀಕ್ಷೆಯು ಸೋಂಕಿರುವ 100ರಲ್ಲಿ 90ನ್ನು ಸರಿಯಾಗಿ ಹಿಡಿಯುತ್ತದೆ, ಸೋಂಕಿಲ್ಲದ 100ರಲ್ಲಿ 5ನ್ನು ತಪ್ಪಾಗಿ ಹಿಡಿಯುತ್ತದೆ ಎನ್ನೋಣ. ಆಗ ನಿಜವಾದ 'ಇದೆ'ಗಳು 18, ಸುಳ್ಳು 'ಇದೆ'ಗಳು 980ರ ಶೇಕಡ 5, ಅಂದರೆ 49. ಒಟ್ಟು 67ರಲ್ಲಿ ನಿಜವಾದದ್ದು ನಾಲ್ಕನೆಯ ಒಂದರಷ್ಟು ಮಾತ್ರ! ಪರೀಕ್ಷೆ ಕೆಟ್ಟದ್ದಲ್ಲ, ಸೋಂಕು ವಿರಳವಾಗಿರುವ ಗುಂಪಿನಲ್ಲಿ ಅದನ್ನು ಬಳಸಿದ್ದರಿಂದ ಹೀಗಾಯಿತು.

ನಿಜವಾದ ಕೊಂಡಿ ಇರಬಹುದೇ?

ಇಷ್ಟೆಲ್ಲ ಎಚ್ಚರಿಕೆ ಹೇಳಿದ ಮೇಲೆ ಸಹಸೋಂಕುಗಳ ನಡುವೆ ಸಂಬಂಧವೇ ಇಲ್ಲವೆಂದು ತೀರ್ಮಾನಿಸಬೇಡಿ. ಸಂಬಂಧ ಇರಬಹುದು ಎನ್ನಲು ಜೀವವಿಜ್ಞಾನದಲ್ಲಿ ಬಲವಾದ ಆಧಾರವಿದೆ.

ಲೀಶ್ಮೇನಿಯ ಅಡಗುವ ಜಾಗವೇ ವಿಚಿತ್ರ. ರೋಗಾಣುಗಳನ್ನು ನುಂಗಿ ಜೀರ್ಣಿಸುವ ಭಕ್ಷಕ ಕೋಶಗಳ ಒಳಗೇ ಅದು ವಾಸಿಸುತ್ತದೆ. ಪೊಲೀಸ್ ಠಾಣೆಯೊಳಗೇ ಕಳ್ಳ ಬಿಡಾರ ಹೂಡಿದಂತೆ. ಕೋಶದೊಳಗಿರುವ ಇದನ್ನು ರಕ್ತದಲ್ಲಿ ತೇಲುವ ಪ್ರತಿಕಾಯಗಳು ಮುಟ್ಟಲಾರವು. ಸಿಡಿ4 ಎಂಬ ಗುರುತಿನ ಟಿ-ಕೋಶಗಳು ಇಂಟರ್‌ಫೆರಾನ್-ಗಾಮಾ ಎಂಬ ರಾಸಾಯನಿಕ ಸಂದೇಶ ಕೊಟ್ಟಾಗ ಮಾತ್ರ ಭಕ್ಷಕ ಕೋಶ ಎಚ್ಚೆತ್ತು ತನ್ನೊಳಗಿನ ಶತ್ರುವನ್ನು ಕೊಲ್ಲುತ್ತದೆ. ಎಫ್‌ಐವಿ ಕ್ರಮೇಣ ಕುಗ್ಗಿಸುವುದು ಈ ಟಿ-ಕೋಶಗಳನ್ನೇ. ಆದ್ದರಿಂದ ವರ್ಷಗಟ್ಟಲೆ ಸುಮ್ಮನೆ ಅಡಗಿದ್ದ ಲೀಶ್ಮೇನಿಯ ಎಫ್‌ಐವಿ ಇರುವ ಬೆಕ್ಕಿನಲ್ಲಿ ತಲೆಯೆತ್ತಬಹುದು.

ಮನುಷ್ಯರಲ್ಲಿ ಇದಕ್ಕೆ ಸಮಾನವಾದ ಪ್ರಸಂಗ ದಾಖಲಾಗಿದೆ. 1980ರ ದಶಕದ ಉತ್ತರಾರ್ಧದಿಂದ ಸ್ಪೇನ್, ಇಟಲಿ, ಫ್ರಾನ್ಸ್, ಪೋರ್ಚುಗಲ್‌ಗಳಲ್ಲಿ ಎಚ್‌ಐವಿ ಇದ್ದವರಲ್ಲಿ ಲೀಶ್ಮೇನಿಯ ರೋಗ ಹೆಚ್ಚಾಗಿ ಕಾಣಿಸಿಕೊಂಡಿತು. ಅವರಲ್ಲಿ ಅನೇಕರು ಚುಚ್ಚುಮದ್ದಿನ ಮೂಲಕ ಮಾದಕ ವಸ್ತು ಸೇವಿಸುತ್ತಿದ್ದವರು. ಹಂಚಿಕೊಂಡ ಸೂಜಿಯಿಂದ ಎರಡೂ ರೋಗಾಣುಗಳು ದಾಟಬಲ್ಲವು. ಹಾಗಾದರೆ ಇದು ಬೀದಿಬೆಕ್ಕಿನ ಲೆಕ್ಕದಂತೆ ಬದುಕಿನ ರೀತಿಯ ಫಲವೋ, ಅಥವಾ ರೋಗರಕ್ಷಣೆ ಕುಸಿದದ್ದರ ಫಲವೋ? 1996ರ ಬಳಿಕ ಎಚ್‌ಐವಿಯನ್ನು ಹತ್ತಿಕ್ಕುವ ಸಂಯುಕ್ತ ಔಷಧಗಳು ಬಳಕೆಗೆ ಬಂದವು. ಅವು ಲೀಶ್ಮೇನಿಯದ ಮದ್ದಲ್ಲ. ಆದರೂ ಆ ದೇಶಗಳಲ್ಲಿ ಸಹಸೋಂಕಿನ ಹೊಸ ರೋಗಿಗಳು ಗಣನೀಯವಾಗಿ ಕಡಿಮೆಯಾದರು. ಒಂದನ್ನು ತಡೆದಾಗ ಇನ್ನೊಂದೂ ತಗ್ಗಿತು. ಕಾರಣದ ಕೊಂಡಿ ಇದೆ ಎನ್ನಲು ಇದು ಎಣಿಕೆಗಿಂತ ಎಷ್ಟೋ ಗಟ್ಟಿಯಾದ ಸಾಕ್ಷ್ಯ. ಗಣಕದ ಪ್ರಯೋಗದಲ್ಲೂ ನಾವು ಮಾಡುವುದು ಇದನ್ನೇ: ಒಂದು ಗಣಕವನ್ನು ದೂರ ಸರಿಸಿ, ಸಹಘಟನೆ ಇಳಿಯುತ್ತದೆಯೇ ಎಂದು ನೋಡುತ್ತೇವೆ.

ಬೆಕ್ಕಿಗೆ ಇದರಿಂದ ಏನು?

ಲೀಶ್ಮೇನಿಯ ರೋಗದ ಬೆಕ್ಕಿನಲ್ಲಿ ಮುಖ ಮತ್ತು ಕಿವಿಗಳ ಮೇಲೆ ಹುಣ್ಣು, ಗಂಟು, ದುಗ್ಧಗ್ರಂಥಿಗಳ ಊತ, ಕಣ್ಣಿನ ಉರಿಯೂತ, ವಸಡು ಬಾಯಿಗಳ ಹುಣ್ಣು, ತೂಕ ಇಳಿಯುವುದು, ರಕ್ತಹೀನತೆ ಕಾಣಬಹುದು. ಇವುಗಳಲ್ಲಿ ಹಲವನ್ನು ಎಫ್‌ಐವಿಯೂ ತರಬಲ್ಲದು. ರಕ್ತಹೀನತೆಯನ್ನು ಮೈಕೊಪ್ಲಾಸ್ಮವೂ ಎಫ್‌ಇಎಲ್‌ವಿಯೂ ತರಬಲ್ಲವು. ಒಂದು ರೋಗಾಣು ಸಿಕ್ಕಿತೆಂದು ಹುಡುಕಾಟ ನಿಲ್ಲಿಸಿದರೆ, ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಔಷಧಕ್ಕೆ ಬಗ್ಗುವ ಮೈಕೊಪ್ಲಾಸ್ಮ ಉಳಿದುಹೋಗಿ ಬೆಕ್ಕು ಸಾಯಬಹುದು. ರೋಗ ಪ್ರಬಲವಾಗಿರುವ ಪ್ರದೇಶದಲ್ಲಿ ಲೀಶ್ಮೇನಿಯ ಸಿಕ್ಕ ಬೆಕ್ಕಿಗೆ ಎರಡು ವೈರಸ್‌ಗಳ ಪರೀಕ್ಷೆಯನ್ನೂ ಮಾಡಬೇಕೆಂದು ತಜ್ಞರು ಹೇಳುವುದು ಈ ಕಾರಣಕ್ಕೆ.

ತಡೆಗಟ್ಟುವುದರಲ್ಲೂ ಒಂದು ಎಚ್ಚರ ಬೇಕು. ಮರಳುನೊಣವನ್ನು ದೂರವಿಡಲು ನಾಯಿಗೆ ಬಳಸುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಇಂಥ ವಸ್ತುಗಳನ್ನು ಗ್ಲುಕುರಾನಿಕ್ ಆಮ್ಲದೊಡನೆ ಜೋಡಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ನಾಯಿಯ ಮದ್ದನ್ನು ಬೆಕ್ಕಿಗೆ ಹಾಕಿದರೆ ನಡುಕ, ಸೆಳವು ಬಂದು ಪ್ರಾಣವೇ ಹೋಗಬಹುದು. ಬೆಕ್ಕಿಗೆ ಸುರಕ್ಷಿತವಾದ ಫ್ಲುಮೆಥ್ರಿನ್–ಇಮಿಡಾಕ್ಲೊಪ್ರಿಡ್ ಕೊರಳಪಟ್ಟಿಯನ್ನು ಇಟಲಿಯ ಇಯೋಲಿಯನ್ ದ್ವೀಪಗಳ ಬೆಕ್ಕುಗಳ ಮೇಲೆ ಪರೀಕ್ಷಿಸಿದಾಗ ಲೀಶ್ಮೇನಿಯ ಸೋಂಕು ಗಣನೀಯವಾಗಿ ಇಳಿದದ್ದು 2017ರಲ್ಲಿ ಪ್ರಕಟವಾಯಿತು.

ಈ ಮೆಡಿಟರೇನಿಯನ್ ಚಿತ್ರವನ್ನು ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸಬಾರದು. ಬಿಹಾರ ಮತ್ತು ಅದರ ನೆರೆಯ ರಾಜ್ಯಗಳ ಕಾಲಾ ಆಜಾರ್ ಮುಖ್ಯವಾಗಿ ಮನುಷ್ಯನಿಂದ ಮರಳುನೊಣಕ್ಕೆ, ನೊಣದಿಂದ ಮನುಷ್ಯನಿಗೆ ಹರಡುತ್ತದೆ. ನಾಯಿ ಬೆಕ್ಕುಗಳು ಅದರ ಮುಖ್ಯ ಆಗರವಲ್ಲ. ಆದರೆ ಎಚ್‌ಐವಿಯೊಡನೆ ಬರುವ ಕಾಲಾ ಆಜಾರ್ ಅಲ್ಲಿಯೂ ವೈದ್ಯರನ್ನು ಕಾಡುವ ಸಮಸ್ಯೆ. ಗುಣವಾದಂತೆ ಕಂಡ ರೋಗ ಇಂಥವರಲ್ಲಿ ಮರುಕಳಿಸುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

60 ಚೀಟಿಗಳನ್ನು ಪೆಟ್ಟಿಗೆಯಲ್ಲಿ ಹಾಕಿ, ಕಣ್ಣು ಮುಚ್ಚಿ 15ನ್ನು ತೆಗೆದು 'ಅ' ಎಂದು ಬರೆದು ಮತ್ತೆ ಹಾಕಿ. ಚೆನ್ನಾಗಿ ಕಲಸಿ 12ನ್ನು ತೆಗೆದು 'ಬ' ಎಂದು ಬರೆಯಿರಿ. ಎರಡೂ ಅಕ್ಷರ ಬಿದ್ದ ಚೀಟಿಗಳೆಷ್ಟು? ಸರಾಸರಿ ನಿರೀಕ್ಷೆ 60 × ¼ × ⅕ = 3. ಪ್ರತಿ ಗುಂಪಿನ ವಿದ್ಯಾರ್ಥಿಗಳೂ ಹೊಸ ಚೀಟಿಗಳಿಂದ ಮಾಡಿ, ಫಲಿತಾಂಶಗಳನ್ನು ಸ್ತಂಭ ನಕ್ಷೆಯಲ್ಲಿ ತೋರಿಸಲಿ. 6 ಅಥವಾ ಅದಕ್ಕಿಂತ ಹೆಚ್ಚು ಎಷ್ಟು ಸಲ ಬಂತು ಎಂದು ಎಣಿಸಲಿ.

ಆಮೇಲೆ 20 ಚೀಟಿಗಳನ್ನು ಒಂದು ಪೆಟ್ಟಿಗೆಯಲ್ಲೂ 40ನ್ನು ಇನ್ನೊಂದರಲ್ಲೂ ಇಡಿ. ಮೊದಲನೆಯದರಲ್ಲಿ 12 'ಅ', 10 'ಬ'. ಎರಡನೆಯದರಲ್ಲಿ 3 'ಅ', 2 'ಬ' ಬರುವಂತೆ, ಪ್ರತಿ ಪೆಟ್ಟಿಗೆಯಲ್ಲೂ ಕುರುಡಾಗಿಯೇ ತೆಗೆದು ಬರೆಯಿರಿ. ಮೊತ್ತಗಳು ಮೊದಲಿನಂತೆಯೇ 15 ಮತ್ತು 12. ಆದರೆ ಎರಡೂ ಅಕ್ಷರ ಬಿದ್ದವು ಈಗ ಸರಾಸರಿ ಸುಮಾರು 6 ಬರುತ್ತವೆ. 'ಅ' ಎಂಬುದು 'ಬ'ಗೆ ಏನನ್ನೂ ಮಾಡಿಲ್ಲ ಎಂದು ನಿಮಗೆ ಗೊತ್ತು; ಚೀಟಿ ಬರೆದವರು ನೀವೇ. ಜೋಡಿ ಎರಡರಷ್ಟಾದದ್ದು ಪೆಟ್ಟಿಗೆಯಿಂದ. ಮುಂದೆ ಯಾವುದೇ ಎರಡು ರೋಗಗಳು ಒಟ್ಟಿಗೆ ಬರುತ್ತವೆ ಎಂಬ ಸುದ್ದಿ ಓದಿದಾಗ, ಮೊದಲು ಗುಣಿಸಿ ನಿರೀಕ್ಷೆಯನ್ನು ಕಂಡುಕೊಳ್ಳಿ. ಆಮೇಲೆ ಪೆಟ್ಟಿಗೆಗಳೆಷ್ಟಿವೆ ಎಂದು ಕೇಳಿ. ಕೊನೆಗೆ, ಒಂದನ್ನು ತಡೆದಾಗ ಇನ್ನೊಂದು ಇಳಿಯಿತೇ ಎಂದು ಹುಡುಕಿ.